ಮೃಗಾಲಯದ ಸಸ್ಯಾಹಾರಿಗಳಿಗೆ ಮೇವು

ಮೃಗಾಲಯದಲ್ಲಿ ಹುಲಿ, ಸಿಂಹಗಳಿಗೆ ಆಹಾರ ಒದಗಿಸುವುದೇ ಕಷ್ಟ, ಜಿಂಕೆ ಕಡವೆಗಳಿಗಾದರೆ ಒಂದಿಷ್ಟು ಹುಲ್ಲು ಚೆಲ್ಲಿದರೆ ಸಾಕು ಎಂಬುದು ಸಾಮಾನ್ಯ ಭಾವನೆ. ವಾಸ್ತವ ಸಂಗತಿ ಬಹುಮಟ್ಟಿಗೆ ಇದಕ್ಕೆ ವಿರುದ್ಧವಾದುದು.

ಜಿಂಕೆ, ಕಡವೆ, ಕಾಟಿ, ಜಿರಾಫೆಗಳು ಮೆಲುಕು ಹಾಕುವ ಪ್ರಾಣಿಗಳು. ಇವುಗಳ ಜಠರದಲ್ಲಿ ನಾಲ್ಕು ಕೋಣೆಗಳಿವೆ. ಹುಲ್ಲಿನ ನಾರನ್ನು ಪ್ರಾಣಿಯು ತಾನಾಗಿ ಅರಗಿಸಿಕೊಳ್ಳಲಾರದು; ಮೊದಲ ಕೋಣೆಯಲ್ಲಿ ನೆಲೆಸಿರುವ ಅಸಂಖ್ಯಾತ ಸೂಕ್ಷ್ಮಜೀವಿಗಳು ಅದನ್ನು ಹುದುಗಿಸಿ, ಒಡೆದು, ಶಕ್ತಿಯನ್ನು ಒದಗಿಸುತ್ತವೆ. ಆದುದರಿಂದ ಜಿಂಕೆಗೆ ಮೇವು ಹಾಕುವುದೆಂದರೆ ಮೊದಲು ಈ ಸೂಕ್ಷ್ಮಜೀವಿಗಳಿಗೆ ಉಣಬಡಿಸುವುದೆಂದೇ ಅರ್ಥ. ಧಾನ್ಯ, ಬ್ರೆಡ್ಡು, ಅನ್ನ ಒಮ್ಮೆಲೇ ಹೆಚ್ಚಾಗಿ ಹೊಟ್ಟೆ ಸೇರಿದರೆ ಬೇಗನೆ ಹುಳಿತು ಆಮ್ಲತೆ ಏರುತ್ತದೆ. ನಾರನ್ನು ಅರಗಿಸುವ ಜೀವಿಗಳು ಸಾಯುತ್ತವೆ. ಪ್ರಾಣಿಯು ಮೇವು ಬಿಟ್ಟು ಮಲಗುತ್ತದೆ, ಕೆಲವೊಮ್ಮೆ ಒಂದೆರಡು ದಿನಗಳಲ್ಲೇ ಪ್ರಾಣ ಬಿಡುತ್ತದೆ. ಹಬ್ಬದ ಅನ್ನ ತಿಂದ ಹಸು ಹೊಟ್ಟೆ ಉಬ್ಬರಿಸಿ ಬಿದ್ದುದನ್ನು ಕಂಡಿರುವ ರೈತರಿಗೆ ಇದನ್ನು ವಿವರಿಸಬೇಕಾಗಿಲ್ಲ. ಮೇವನ್ನು ಬದಲಿಸಬೇಕಾದಾಗ ಹಲವು ದಿನಗಳಲ್ಲಿ ಹಂತ ಹಂತವಾಗಿ ಬದಲಿಸುವುದೂ ಇದೇ ಕಾರಣಕ್ಕೆ.

ಮುಸುವವು ಕೋತಿಯ ಬಳಗದ್ದೇ ಆದರೂ ಮುಖ್ಯವಾಗಿ ಎಲೆ ತಿನ್ನುವ ಪ್ರಾಣಿ. ಅದರ ಜಠರದಲ್ಲಿಯೂ ಇಂತಹುದೇ ಹುದುಗುವಿಕೆ ನಡೆಯುತ್ತದೆ. ಅದಕ್ಕೆ ಬೇಕಾದುದು ಸೊಪ್ಪು, ಬಿಸ್ಕತ್ತಲ್ಲ.

ಆನೆ ಮೆಲುಕು ಹಾಕುವುದಿಲ್ಲ. ಅದರಲ್ಲಿ ನಾರು ಹುದುಗುವುದು ದೊಡ್ಡ ಕರುಳಿನಲ್ಲಿ. ತಿಂದುದರಲ್ಲಿ ಅರ್ಧದಷ್ಟೂ ಜೀರ್ಣವಾಗದ ಕಾರಣ ವಯಸ್ಕ ಆನೆಗೆ ದಿನಕ್ಕೆ ಸುಮಾರು 150 ಕಿಲೋಗ್ರಾಂ ಹಸಿರು ಮೇವು ಬೇಕಾಗುತ್ತದೆ. ಇದನ್ನು ಒಮ್ಮೆಲೇ ರಾಶಿ ಹಾಕುವುದು ಸರಿಯಲ್ಲ. ಕಾಡಿನಲ್ಲಿ ದಿನದ ಹೆಚ್ಚಿನ ಹೊತ್ತು ಮೇಯುವ ಪ್ರಾಣಿಗೆ ಮೇಯುವುದೇ ಒಂದು ಕೆಲಸ.

ಸಸ್ಯಾಹಾರಿಗಳೆಲ್ಲವೂ ಹುಲ್ಲನ್ನೇ ಬಯಸುವುದಿಲ್ಲ. ಕೃಷ್ಣಮೃಗಕ್ಕೆ ಹುಲ್ಲು ಮುಖ್ಯ. ಜಿರಾಫೆಗೆ ಮರದ ಸೊಪ್ಪು, ಅದೂ ಎತ್ತರದಲ್ಲಿ ಕಟ್ಟಿದ್ದಾಗಿರಬೇಕು. ಹಿಂಡಿನಲ್ಲಿ ಬಲಿಷ್ಠ ಗಂಡು ತೊಟ್ಟಿಯನ್ನು ಆಕ್ರಮಿಸಿಕೊಳ್ಳುವುದರಿಂದ ಮೇವನ್ನು ಹಲವೆಡೆ ಇಡಬೇಕು. ಖನಿಜಾಂಶಕ್ಕಾಗಿ ನೆಕ್ಕುವ ಉಪ್ಪಿನ ಗಡ್ಡೆಗಳನ್ನೂ ಇರಿಸಲಾಗುತ್ತದೆ.

ಇಷ್ಟೆಲ್ಲಾ ಎಚ್ಚರಿಕೆಯನ್ನು ಸಂದರ್ಶಕರ ಒಂದು ಪೊಟ್ಟಣ ವ್ಯರ್ಥಗೊಳಿಸಬಲ್ಲುದು. ತಿಂಡಿಯ ವಾಸನೆಗೆ ಜಿಂಕೆಯು ಪ್ಲಾಸ್ಟಿಕ್ ಚೀಲವನ್ನೇ ನುಂಗುತ್ತದೆ. ಅದು ಕರಗುವುದಿಲ್ಲ, ಜಠರದಲ್ಲೇ ಉಳಿದು ಮೇವಿನ ದಾರಿಯನ್ನು ಕಟ್ಟುತ್ತದೆ. ಹೊಟ್ಟೆ ತುಂಬಿರುವಂತೆಯೇ ಪ್ರಾಣಿಯು ಸೊರಗಿ ಸಾಯುತ್ತದೆ. ತಿನಿಸು ಎಸೆಯುವವರ ಉದ್ದೇಶ ದಯೆಯೇ ಆಗಿರಬಹುದು. ಆದರೂ 1972ರ ವನ್ಯಜೀವಿ (ಸಂರಕ್ಷಣಾ) ಅಧಿನಿಯಮದ 38ಜೆ ಪ್ರಕರಣವು, ಪ್ರಾಣಿಗಳನ್ನು ಕೆಣಕುವುದು, ಗಾಯಗೊಳಿಸುವುದು ಇವುಗಳ ಜೊತೆಯಲ್ಲಿಯೇ, ಮೃಗಾಲಯದ ಪ್ರಾಣಿಗೆ ತಿನಿಸು ನೀಡುವುದನ್ನೂ ನಿಷೇಧಿಸಿದೆ.