ಲಿನಕ್ಸ್ ಗಣಕಕ್ಕೆ ಮನೆಯ ಇಂಟರ್‌ನೆಟ್



ಶೆಟ್ಟಿಹಳ್ಳಿಯ ನಮ್ಮ ಮನೆಗೆ ಇಂಟರ್‌ನೆಟ್ ಜೋಡಿಸಲು ಬಂದ ತಂತ್ರಜ್ಞರು ಗಣಕದ ತೆರೆ ನೋಡಿ ಕೈಚೆಲ್ಲಿದರು. "ಇದು ಲಿನಕ್ಸ್. ಇದರಲ್ಲಿ ನಮ್ಮ ಸಂಪರ್ಕ ಬರುವುದಿಲ್ಲ. ಡಿಸ್ಕ್ ಅಳಿಸಿ ವಿಂಡೋಸ್ ಹಾಕಿಸಿಬಿಡಿ" ಎಂದರು. ಆ ಡಿಸ್ಕ್‌ನಲ್ಲಿ ನನ್ನ ಮಗಳ ಪದವಿಯ ಪ್ರಾಜೆಕ್ಟ್ ವರದಿ ಇತ್ತು. ಅಳಿಸುವ ಮುನ್ನ ತಪ್ಪು ಎಲ್ಲಿದೆ ಎಂದು ನಾವೇ ಹುಡುಕಲು ಕುಳಿತೆವು. ಹುಡುಕುವ ಆ ಕ್ರಮ ನಿಮಗೂ ಉಪಯೋಗವಾದೀತು.

ಮೊದಲಿಗೆ ಒಂದು ಮಾತು. ಇಂಟರ್‌ನೆಟ್ ಎಂಬುದು ಯಂತ್ರಗಳ ನಡುವಿನ ಒಂದು ಒಪ್ಪಂದ. ಅಂಚೆಯವರಿಗೆ ವಿಳಾಸ ಸರಿಯಾಗಿದ್ದರೆ ಸಾಕು. ಯಾವ ಲೇಖನಿಯಿಂದ ಬರೆದಿರಿ ಎಂದು ಅವರು ಕೇಳುವುದಿಲ್ಲ. ಇದೂ ಹಾಗೆಯೇ. ಟಿಸಿಪಿ/ಐಪಿ ಎಂಬ ಈ ಒಪ್ಪಂದಕ್ಕೆ ಅಮೆರಿಕದ ಅರ್ಪಾನೆಟ್ ಜಾಲ ಬದಲಾದದ್ದು 1983ರ ಜನವರಿ 1ರಂದು. ವಿಂಡೋಸ್ ಬಂದದ್ದು 1985ರಲ್ಲಿ. ಹೆಲ್ಸಿಂಕಿಯ ವಿದ್ಯಾರ್ಥಿ ಲಿನಸ್ ಟೋರ್ವಾಲ್ಡ್ಸ್ ಲಿನಕ್ಸ್ ಆರಂಭಿಸಿದ್ದು 1991ರಲ್ಲಿ. ಒಪ್ಪಂದವು ಎರಡಕ್ಕಿಂತಲೂ ಹಿರಿಯದು.

ಹಾಗಾದರೆ ತಂತ್ರಜ್ಞರ ಮಾತು ಎಲ್ಲಿಂದ ಬಂತು? ಅದಕ್ಕೂ ಕಾರಣವಿದೆ. 1995ರ ಆಗಸ್ಟ್ 15ರಂದು ವಿಎಸ್‌ಎನ್‌ಎಲ್ ನಮ್ಮ ದೇಶದಲ್ಲಿ ಸಾರ್ವಜನಿಕರಿಗೆ ಇಂಟರ್‌ನೆಟ್ ಸೇವೆ ಆರಂಭಿಸಿತು. ಆಗ ಮೋಡೆಮ್ ಮೂಲಕ ದೂರವಾಣಿಗೆ ಡಯಲ್ ಮಾಡಿ, ಹೆಸರು ಮತ್ತು ಗುಪ್ತಪದ ಒಪ್ಪಿಸುವ ಕೆಲಸ ಗಣಕದ್ದೇ ಆಗಿತ್ತು. ಕೆಲವು ಅಗ್ಗದ ಮೋಡೆಮ್‌ಗಳು ತಮ್ಮ ಅರ್ಧ ಕೆಲಸವನ್ನು ವಿಂಡೋಸ್ ತಂತ್ರಾಂಶಕ್ಕೆ ಬಿಟ್ಟಿದ್ದರಿಂದ ಲಿನಕ್ಸ್‌ನಲ್ಲಿ ನಡೆಯುತ್ತಿರಲಿಲ್ಲ. ಇಂದು ಫೈಬರ್ ಸಂಪರ್ಕದ ಹಲವು ಮನೆಗಳಲ್ಲಿ ಹೆಸರು, ಗುಪ್ತಪದ ಒಪ್ಪಿಸುವುದು ರೂಟರ್ ಪೆಟ್ಟಿಗೆ. ಗಣಕವು ಆ ಪೆಟ್ಟಿಗೆಯೊಡನೆ ಮಾತನಾಡಿದರೆ ಸಾಕು.

ಈಗ ಕ್ರಮವಾಗಿ ನೋಡೋಣ.

ಒಂದು: ಗಣಕವನ್ನು ರೂಟರಿಗೆ ಈಥರ್‌ನೆಟ್ ತಂತಿಯಿಂದ ಜೋಡಿಸಿ. ವೈ-ಫೈ ಆಮೇಲೆ ಇರಲಿ. ಕೆಲವು ವೈ-ಫೈ ಬಿಲ್ಲೆಗಳಿಗೆ ಬೇಕಾದ ಚಾಲಕ ತಂತ್ರಾಂಶವನ್ನು ಪ್ರತ್ಯೇಕವಾಗಿ ಹಾಕಬೇಕಾಗುತ್ತದೆ.

ಎರಡು: ನೆಟ್‌ವರ್ಕ್ ಸೆಟ್ಟಿಂಗ್ಸ್‌ನಲ್ಲಿ ಐಪಿವಿ4 ಎಂಬಲ್ಲಿ 'ಆಟೋಮ್ಯಾಟಿಕ್' ಆರಿಸಿ. ಆಗ ರೂಟರ್ ನಿಮ್ಮ ಗಣಕಕ್ಕೆ 192.168.1.5 ಎಂಬಂಥ ಒಂದು ವಿಳಾಸ ಕೊಡುತ್ತದೆ.

ಮೂರು: ಟರ್ಮಿನಲ್ ತೆರೆದು ಇಂಗ್ಲಿಷ್ ಅಕ್ಷರಗಳಲ್ಲಿ 'ಐಪಿ ರೂಟ್' ಎಂದು ಟೈಪ್ ಮಾಡಿ. 'ಡಿಫಾಲ್ಟ್ ವಯಾ' ಎಂಬುದರ ಮುಂದಿನ ಸಂಖ್ಯೆ ರೂಟರಿನ ವಿಳಾಸ. 'ಪಿಂಗ್' ಎಂದು ಬರೆದು, ಜಾಗ ಬಿಟ್ಟು, ಆ ಸಂಖ್ಯೆ ಕೊಡಿ. ಇದು ಬಾಗಿಲು ತಟ್ಟಿದಂತೆ. ಉತ್ತರ ಬಂದರೆ ಮನೆಯೊಳಗಿನ ದಾರಿ ಸರಿಯಾಗಿದೆ. ನಿಲ್ಲಿಸಲು ಕಂಟ್ರೋಲ್ ಮತ್ತು ಸಿ ಕೀಲಿಗಳನ್ನು ಒಟ್ಟಿಗೆ ಒತ್ತಿ.

ನಾಲ್ಕು: ಈಗ 8.8.8.8 ಎಂಬ ಹೊರಗಿನ ವಿಳಾಸಕ್ಕೆ ಪಿಂಗ್ ಮಾಡಿ. ಇದು ಗೂಗಲ್‌ನ ಸಾರ್ವಜನಿಕ ಸರ್ವರ್. ರೂಟರ್ ಉತ್ತರಿಸಿ ಇದು ಉತ್ತರಿಸದಿದ್ದರೆ, ತಪ್ಪು ಬಹುಮಟ್ಟಿಗೆ ರೂಟರಿನಲ್ಲಿ ಅಥವಾ ಅದರಾಚೆ ಇದೆ.

ಐದು: ಕೊನೆಗೆ ಯಾವುದಾದರೂ ಜಾಲತಾಣದ ಹೆಸರಿಗೆ ಪಿಂಗ್ ಮಾಡಿ. 8.8.8.8 ಉತ್ತರಿಸಿಯೂ 'ಈ ಹೆಸರು ಗೊತ್ತಿಲ್ಲ' ಎಂಬರ್ಥದ ಸಂದೇಶ ಬಂದರೆ, ಹೆಸರನ್ನು ಸಂಖ್ಯೆಯಾಗಿಸುವ ಡಿಎನ್‌ಎಸ್ ಕೆಲಸ ಮಾಡುತ್ತಿಲ್ಲ. ಸೆಟ್ಟಿಂಗ್ಸ್‌ನಲ್ಲಿ ಡಿಎನ್‌ಎಸ್ ಎಂಬಲ್ಲಿ 8.8.8.8 ಎಂದು ತುಂಬಿ ನೋಡಿ.

ನಮ್ಮ ಮನೆಯಲ್ಲಿ ಎಳೆ ತುಂಡಾದದ್ದು ನಾಲ್ಕನೆಯ ಹಂತದಲ್ಲಿ. ಬ್ರೌಸರಿನಲ್ಲಿ ರೂಟರಿನ ವಿಳಾಸ ಬರೆದು ಅದರ ಪುಟ ತೆರೆದೆವು. ಸೇವಾ ಸಂಸ್ಥೆಯ ಚೀಟಿಯಲ್ಲಿದ್ದ ಬಳಕೆದಾರರ ಹೆಸರಿಗೂ ರೂಟರಿನಲ್ಲಿ ತುಂಬಿದ್ದ ಹೆಸರಿಗೂ ಒಂದು ಅಕ್ಷರ ವ್ಯತ್ಯಾಸ! ತಿದ್ದಿದೊಡನೆ ಸಂಪರ್ಕ ಬಂತು. ವಿಂಡೋಸ್ ಹಾಕಿಸಿದ್ದರೂ ಆ ಅಕ್ಷರ ತಪ್ಪಾಗಿಯೇ ಇರುತ್ತಿತ್ತು; ವರದಿ ಮಾತ್ರ ಹೋಗಿರುತ್ತಿತ್ತು. ಇನ್ನೊಂದು ಸ್ವಾರಸ್ಯವೆಂದರೆ, ಮನೆಗಳಲ್ಲಿರುವ ಬಹಳಷ್ಟು ರೂಟರುಗಳ ಒಳಗೆ ನಡೆಯುವುದೂ ಲಿನಕ್ಸೇ.

ಆದ್ದರಿಂದ ಸಹಾಯವಾಣಿಗೆ ಕರೆ ಮಾಡುವಾಗ "ನನ್ನದು ಲಿನಕ್ಸ್, ಇಂಟರ್‌ನೆಟ್ ಬರುತ್ತಿಲ್ಲ" ಎನ್ನಬೇಡಿ. "ರೂಟರ್ ಉತ್ತರಿಸುತ್ತಿದೆ, ಹೊರಗಿನ ವಿಳಾಸ ಉತ್ತರಿಸುತ್ತಿಲ್ಲ" ಎನ್ನಿ. ಆಗ ಅವರು ನೋಡುವುದು ನಿಮ್ಮ ಗಣಕವನ್ನಲ್ಲ, ತಮ್ಮ ಸಂಪರ್ಕವನ್ನು.