ತಾನೇ ಮಾಡಿಕೊಂಡ ಗಾಯ

ತನ್ನ ಮೈಗೆ ತಾನೇ ಗಾಯ ಮಾಡಿಕೊಂಡವರನ್ನು ಕಂಡಾಗ ಮನೆಯಲ್ಲೂ ಆಸ್ಪತ್ರೆಯಲ್ಲೂ ಎರಡು ಮಾತು ಹೊರಬೀಳುತ್ತವೆ. ಒಂದು, ‘ಸಾಯೋಕೆ ಹೊರಟಿದ್ದಾಳೆ.’ ಇನ್ನೊಂದು, ‘ಎಲ್ಲರೂ ತನ್ನನ್ನೇ ನೋಡಲಿ ಅಂತ ನಾಟಕ ಆಡ್ತಿದ್ದಾಳೆ.’ ಬಹಳ ಸಲ ಎರಡೂ ತಪ್ಪಾಗಿರುತ್ತವೆ. ಹೆಚ್ಚಿನವರ ಪಾಲಿಗೆ ಆ ಗಾಯ ತಾಳಲಾರದ ಸಂಕಟಕ್ಕೆ ತಾವೇ ಹುಡುಕಿಕೊಂಡ ಔಷಧಿ. ಕೆಟ್ಟ ಔಷಧಿ, ಆದರೆ ಆ ಗಳಿಗೆಗೆ ಕೆಲಸ ಮಾಡುವ ಔಷಧಿ. ಅಮೆರಿಕದ ಮನೋವೈದ್ಯ ಕಾರ್ಲ್ ಮೆನಿಂಜರ್ 1938ರಷ್ಟು ಹಿಂದೆಯೇ, ಸಾವನ್ನು ದೂರವಿಡಲು ಮನಸ್ಸು ಮಾಡಿಕೊಳ್ಳುವ ಒಂದು ಬಗೆಯ ರಾಜಿ ಇದು ಎಂದು ವಾದಿಸಿದ್ದರು. ಮಾನಸಿಕ ಕಾಯಿಲೆಗಳನ್ನು ಗುರುತಿಸಲು ಬಳಸುವ, 2013ರಲ್ಲಿ ಬಂದ ಡಿಎಸ್‌ಎಂ-5 ಕೈಪಿಡಿಯು ಸಾಯುವ ಉದ್ದೇಶವಿಲ್ಲದ ಸ್ವಯಂಹಾನಿಯನ್ನು ಇನ್ನಷ್ಟು ಅಧ್ಯಯನ ಬೇಕಾದ ಸ್ಥಿತಿಗಳ ಸಾಲಿನಲ್ಲಿ ಇರಿಸಿತು. ಆ ಗಾಯವನ್ನು ಔಷಧಿಯೆಂದು ಒಪ್ಪಿಕೊಂಡರೆ ಚಿಕಿತ್ಸೆಯ ದಾರಿಯೇ ಬದಲಾಗುತ್ತದೆ. ಬೇರೇನೂ ಕೈಗೆ ಕೊಡದೆ ‘ಬಿಟ್ಟುಬಿಡು’ ಎಂದರೆ ಯಾರೂ ಬಿಡಲಾರರು.

ಗಾಯ ಔಷಧಿಯಂತೆ ಕೆಲಸ ಮಾಡುತ್ತದೆ ಎಂಬ ಮಾತಿಗೆ ಆಧಾರವಿದೆ. ಮ್ಯಾಥ್ಯೂ ನಾಕ್ ಮತ್ತು ಮಿಚೆಲ್ ಪ್ರಿನ್‌ಸ್ಟೀನ್ ಎಂಬ ಮನಶ್ಶಾಸ್ತ್ರಜ್ಞರು 2004ರಲ್ಲಿ, ಆಸ್ಪತ್ರೆಗೆ ದಾಖಲಾಗಿದ್ದ ಹದಿಹರೆಯದವರನ್ನೇ ಸ್ವಯಂಹಾನಿಯ ಕಾರಣ ಕೇಳಿದರು. ಹೆಚ್ಚಾಗಿ ಬಂದ ಉತ್ತರಗಳು ಸುತ್ತಲಿನವರಿಗೆ ಸಂಬಂಧಿಸಿದ್ದವಲ್ಲ, ತಮ್ಮೊಳಗಿನ ಬೇಗೆಗೆ ಸಂಬಂಧಿಸಿದ್ದವು: ಕುದಿಯುವ ಭಾವನೆ ನಿಲ್ಲಲಿ, ಇಲ್ಲವೇ ಮರಗಟ್ಟಿದ ಮನಸ್ಸಿಗೆ ಏನಾದರೂ ಅನ್ನಿಸಲಿ. ನೋವು ಇಳಿಯುವಾಗ ಸಿಗುವ ನಿರಾಳ ಎಲ್ಲರ ದೇಹದಲ್ಲೂ ಇರುವಂಥದ್ದೇ. ಹಲ್ಲುನೋವು ನಿಂತ ಕ್ಷಣವನ್ನು ನೆನೆಸಿಕೊಂಡರೆ ಸಾಕು. ದೈಹಿಕ ನೋವು ಇಳಿಯುವಾಗ ಮನಸ್ಸಿನ ಉದ್ವೇಗವೂ ತುಸು ಇಳಿಯುತ್ತದೆ, ಮಿದುಳು ಅದನ್ನು ನೆನಪಿಟ್ಟುಕೊಳ್ಳುತ್ತದೆ. ಆದರೆ ಆ ನಿರಾಳ ಬೇಗನೆ ಕರಗಿ, ಅದರ ಜಾಗದಲ್ಲಿ ನಾಚಿಕೆ ಬಂದು ಕೂರುತ್ತದೆ, ಮುಂದಿನ ಸಂಕಟಕ್ಕೆ ಆ ನಾಚಿಕೆಯೂ ಸೇರಿಕೊಳ್ಳುತ್ತದೆ. ‘ನಾಟಕ’ ಎನ್ನುವವರು ಒಂದನ್ನು ಗಮನಿಸಬೇಕು: ಇವರಲ್ಲಿ ಬಹಳ ಮಂದಿ ಬಿರುಬೇಸಿಗೆಯಲ್ಲೂ ತುಂಬುತೋಳಿನ ಬಟ್ಟೆ ತೊಟ್ಟು ಕಲೆ ಮುಚ್ಚಿಡುತ್ತಾರೆ. ಕೆಲವರು ತೋರಿಸುತ್ತಾರೆ ನಿಜ. ಮಾತಿನಲ್ಲಿ ಹೇಳಿದಾಗ ಯಾರೂ ಕಿವಿಗೊಡದಿದ್ದರೆ ಮೈ ಮಾತಾಡಬೇಕಾಗುತ್ತದೆ. ಅದನ್ನು ಸುಳ್ಳು ಎನ್ನಲಾಗದು.

ಚಿಕಿತ್ಸೆಯ ಚರಿತ್ರೆಯಲ್ಲಿ ದೊಡ್ಡ ತಿರುವು ಕೊಟ್ಟವರು ಸಿಯಾಟಲ್‌ನ ವಾಷಿಂಗ್ಟನ್ ವಿಶ್ವವಿದ್ಯಾಲಯದ ಮನಶ್ಶಾಸ್ತ್ರಜ್ಞೆ ಮಾರ್ಷಾ ಲಿನೆಹನ್. 1961ರಲ್ಲಿ, 17ರ ವಯಸ್ಸಿನಲ್ಲಿ, ಆಸ್ಪತ್ರೆ ಸೇರಿ, ಮೈಗೆ ಗಾಯ ಮಾಡಿಕೊಳ್ಳುತ್ತಲೇ ಎರಡು ವರ್ಷಕ್ಕೂ ಹೆಚ್ಚು ಕಾಲ ಒಳಗಿದ್ದುದನ್ನು ಅವರೇ 2011ರಲ್ಲಿ ಬಹಿರಂಗವಾಗಿ ಹೇಳಿಕೊಂಡರು. ಮದ್ದು, ವಿದ್ಯುತ್ ಚಿಕಿತ್ಸೆ, ಒಂಟಿ ಕೋಣೆ ಯಾವುದರಿಂದಲೂ ಅದು ನಿಂತಿರಲಿಲ್ಲ. ಅವರು ರೂಪಿಸಿದ ಡಯಲೆಕ್ಟಿಕಲ್ ಬಿಹೇವಿಯರ್ ಥೆರಪಿ, ಅಂದರೆ ಡಿಬಿಟಿ, ‘ನಿನ್ನ ಸಂಕಟ ನಿಜ’ ಎಂದು ಒಪ್ಪಿಕೊಳ್ಳುತ್ತಲೇ ‘ಈ ದಾರಿ ಬದಲಾಗಬೇಕು’ ಎಂದು ಪಟ್ಟು ಹಿಡಿಯುತ್ತದೆ. ಇದರಲ್ಲಿ ರೋಗಿ ದಿನವೂ ಒಂದು ಕಾರ್ಡ್ ತುಂಬಬೇಕು: ಇಂದು ಗಾಯ ಮಾಡಿಕೊಳ್ಳುವ ತುಡಿತ ಎಷ್ಟಿತ್ತು, ಸೊನ್ನೆಯಿಂದ ಐದರೊಳಗೆ ಗುರುತು ಹಾಕು. ಗಾಯವಾಗಿದ್ದರೆ ಚಿಕಿತ್ಸಕರು ಬೈಯುವುದಿಲ್ಲ, ಆ ದಿನವನ್ನು ಸರಪಳಿಯ ಕೊಂಡಿಗಳಂತೆ ಬಿಡಿಸುತ್ತಾರೆ. ನಿದ್ದೆ ಕೆಟ್ಟಿತ್ತು, ಊಟ ಬಿಟ್ಟಿದ್ದೆ, ಫೋನಿನಲ್ಲಿ ಅಮ್ಮ ಒಂದು ಮಾತು ಅಂದರು, ‘ನಾನು ಯಾರಿಗೂ ಬೇಡ’ ಅನ್ನಿಸಿತು, ಬಾಗಿಲು ಹಾಕಿಕೊಂಡೆ. ಯಾವ ಕೊಂಡಿಯನ್ನು ಕಳಚಬಹುದಿತ್ತು ಎಂದು ಇಬ್ಬರೂ ಕೂತು ಹುಡುಕುತ್ತಾರೆ. ಮುಖಕ್ಕೆ ತಣ್ಣೀರು ಹಿಡಿದು ಎದೆಬಡಿತ ತಗ್ಗಿಸುವುದರಿಂದ ಹಿಡಿದು, ಬೇಕಾದ್ದನ್ನು ಜಗಳವಿಲ್ಲದೆ ಕೇಳುವವರೆಗೆ ಒಂದೊಂದೇ ಕೌಶಲ ಕಲಿಸುತ್ತಾರೆ. 173 ಹದಿಹರೆಯದವರ ಮೇಲೆ ನಡೆದು 2018ರಲ್ಲಿ ಪ್ರಕಟವಾದ ಅಮೆರಿಕದ ಪ್ರಯೋಗದಲ್ಲಿ, ಆರು ತಿಂಗಳ ಚಿಕಿತ್ಸೆ ಮುಗಿದಾಗ ಡಿಬಿಟಿ ಪಡೆದವರು ಬರೀ ಆಸರೆಯ ಕೌನ್ಸೆಲಿಂಗ್ ಪಡೆದವರಿಗಿಂತ ಕಡಿಮೆ ಹಾನಿ ಮಾಡಿಕೊಂಡಿದ್ದರು. ವರ್ಷ ತುಂಬುವ ಹೊತ್ತಿಗೆ ಆ ಅಂತರ ಕಿರಿದಾಗಿತ್ತು ಎಂಬುದನ್ನೂ ಮರೆಮಾಚಬಾರದು. ಸ್ವಯಂಹಾನಿಗೆಂದೇ ಗುಳಿಗೆ ಇಲ್ಲ. ಜೊತೆಗಿರುವ ಖಿನ್ನತೆಗೆ ಮದ್ದು ಬೇಕಾಗಬಹುದು. ಆದರೆ ಗಾಯ ತಡೆಯಲೆಂದೇ ಮಾತ್ರೆ ಬರೆದುಕೊಡಬೇಡಿ ಎಂದು ಬ್ರಿಟನ್ನಿನಲ್ಲಿ ಚಿಕಿತ್ಸೆಯ ನಿಯಮ ರೂಪಿಸುವ ನೈಸ್ ಸಂಸ್ಥೆಯ 2022ರ ಮಾರ್ಗಸೂಚಿ ವೈದ್ಯರಿಗೆ ಹೇಳುತ್ತದೆ.

‘ವಯಸ್ಸಿನ ಹುಚ್ಚು, ತಾನಾಗಿ ಹೋಗುತ್ತದೆ’ ಎನ್ನುವವರ ಕೈಯಲ್ಲೂ ಒಂದು ಸಾಕ್ಷಿಯಿದೆ. ಆಸ್ಟ್ರೇಲಿಯಾದ ವಿಕ್ಟೋರಿಯಾದಲ್ಲಿ ಸುಮಾರು 1,900 ಮಕ್ಕಳನ್ನು ವರ್ಷಗಟ್ಟಲೆ ಗಮನಿಸಿ 2012ರಲ್ಲಿ ಹೊರಬಂದ ಅಧ್ಯಯನದಲ್ಲಿ, ಹದಿಹರೆಯದಲ್ಲಿ ಹಾನಿ ಮಾಡಿಕೊಂಡಿದ್ದವರ ಪೈಕಿ ಶೇ. 90ರಷ್ಟು ಮಂದಿ ದೊಡ್ಡವರಾದಾಗ ಅದನ್ನು ಬಿಟ್ಟಿದ್ದರು. ಇದು ಹೆತ್ತವರಿಗೆ ಧೈರ್ಯ ತರಬೇಕು, ಉದಾಸೀನ ತರಬಾರದು. ಸಾಯುವ ಉದ್ದೇಶವಿಲ್ಲದೆ ಮಾಡಿಕೊಂಡರೂ, ಹೀಗೆ ಮಾಡಿಕೊಳ್ಳುವವರಲ್ಲಿ ಮುಂದೆ ಆತ್ಮಹತ್ಯೆಗೆ ಯತ್ನಿಸುವ ಅಪಾಯ ಇತರರಿಗಿಂತ ಹೆಚ್ಚು. ಸಾಯುವ ಯೋಚನೆ ಇದೆಯೇ ಎಂದು ಕೇಳಿದರೆ ಇಲ್ಲದ ಯೋಚನೆ ತಲೆಗೆ ತುಂಬಿದಂತಾಗುತ್ತದೆ ಎಂಬ ಭಯಕ್ಕೂ ಆಧಾರವಿಲ್ಲ. ನ್ಯೂಯಾರ್ಕ್ ರಾಜ್ಯದ ಹೈಸ್ಕೂಲುಗಳಲ್ಲಿ ಎರಡು ಸಾವಿರಕ್ಕೂ ಹೆಚ್ಚು ಮಕ್ಕಳೊಡನೆ ನಡೆಸಿ 2005ರಲ್ಲಿ ಪ್ರಕಟಿಸಿದ ಪರೀಕ್ಷೆಯಲ್ಲಿ, ಆತ್ಮಹತ್ಯೆಯ ಬಗ್ಗೆ ನೇರವಾಗಿ ಕೇಳಿದ್ದರಿಂದ ಸಂಕಟವಾಗಲೀ ಸಾಯುವ ಯೋಚನೆಯಾಗಲೀ ಹೆಚ್ಚಲಿಲ್ಲ.

ಆದ್ದರಿಂದ ಮಗುವಿನ ತೋಳಿನ ಮೇಲೆ ಕಲೆ ಕಂಡರೆ ಮೊದಲು ಗಾಯಕ್ಕೆ ಆರೈಕೆ ಮಾಡಿ, ದನಿ ಏರಿಸದೆ ‘ಅಷ್ಟು ಸಂಕಟ ಆಗಿತ್ತಾ?’ ಎಂದು ಕೇಳಿ. ‘ಇನ್ನು ಹೀಗೆ ಮಾಡಲ್ಲ’ ಎಂದು ಆಣೆ ಹಾಕಿಸಿಕೊಳ್ಳಬೇಡಿ. ಸಾಯುವ ಮಾತು ಬಂದರೆ ಒಂಟಿಯಾಗಿ ಬಿಡಬೇಡಿ, ಕೂಡಲೇ ಆಸ್ಪತ್ರೆಗೆ ಕರೆದೊಯ್ಯಿರಿ. ಬೆಂಗಳೂರಿನ ನಿಮ್ಹಾನ್ಸ್‌ ಬೆಂಬಲದಲ್ಲಿ 2022ರ ಅಕ್ಟೋಬರ್‌ನಲ್ಲಿ ಶುರುವಾದ ಟೆಲಿ-ಮಾನಸ್ ಸಹಾಯವಾಣಿಗೆ ಹಗಲು ರಾತ್ರಿ ಯಾವಾಗ ಬೇಕಾದರೂ, ಕನ್ನಡದಲ್ಲೇ, ಹಣವಿಲ್ಲದೆ ಕರೆ ಮಾಡಬಹುದು. ಸಂಖ್ಯೆ 14416.