ಮನಸ್ಸಿನ ಡಾಕ್ಟರಿಗಾಗಿ ಬೆಂಗಳೂರಿಗೇ ಹೋಗಬೇಕಾ? ಶಿರಸಿ, ಸಿದ್ದಾಪುರ, ಯಲ್ಲಾಪುರದವರು ತಿಳಿದಿರಬೇಕಾದ್ದು

ಮನೋವೈದ್ಯರ ಮಾತ್ರೆ ಒಮ್ಮೆ ಹಿಡಿದರೆ ಸಾಯುವ ತನಕ ಬಿಡಲಾಗದು ಎಂಬ ಮಾತು ವಾಟ್ಸಾಪ್ ಗ್ರೂಪುಗಳಲ್ಲಿ ಆಗಾಗ ಸುತ್ತುತ್ತದೆ. ಘಟ್ಟದ ಮೇಲಿನ ನಮ್ಮ ತಾಲೂಕುಗಳಲ್ಲಿ ಇದರ ಜೊತೆಗೆ ಇನ್ನೊಂದು ಮಾತೂ ಕೇಳುತ್ತದೆ. ಅಂಥ ಡಾಕ್ಟರು ಬೇಕೆಂದರೆ ಧಾರವಾಡಕ್ಕೋ ಬೆಂಗಳೂರಿಗೋ ಹೋಗಬೇಕಂತೆ. ಎರಡನ್ನೂ ಹಾಗೇ ನಂಬಬೇಕಿಲ್ಲ.

ಹತ್ತಿರದ ದಾರಿ ಫೋನು. 14416 ಎನ್ನುವುದು ಟೆಲಿ ಮಾನಸ್ ಎಂಬ ಸರ್ಕಾರಿ ಸಹಾಯವಾಣಿ. 2022ರ ಅಕ್ಟೋಬರ್ 10ರಂದು ಶುರುವಾದ ಇದರ ಮುಖ್ಯ ಕೇಂದ್ರ ಬೆಂಗಳೂರಿನ ನಿಮ್ಹಾನ್ಸ್. ಹಗಲು ರಾತ್ರಿ ತೆರೆದಿರುತ್ತದೆ, ದುಡ್ಡು ಕೊಡಬೇಕಿಲ್ಲ, ಕನ್ನಡದಲ್ಲೇ ಮಾತಾಡಬಹುದು. ಮೊದಲು ತರಬೇತಾದ ಕೌನ್ಸೆಲರ್ ಮಾತಾಡುತ್ತಾರೆ, ಅಗತ್ಯ ಕಂಡರೆ ಮನೋವೈದ್ಯರಿಗೆ ಜೋಡಿಸುತ್ತಾರೆ. ಇಂಟರ್ನೆಟ್ ಬೇಡ, ಕೀಪ್ಯಾಡ್ ಫೋನೂ ಸಾಕು. ಗುಡ್ಡ ಹತ್ತಿದರೆ ಮಾತ್ರ ನೆಟ್‌ವರ್ಕ್ ಸಿಗುವ ಊರಿನವರು ಪೇಟೆಗೆ ಬಂದಾಗ ಒಂದು ಮೂಲೆ ನೋಡಿಕೊಂಡು ಮಾಡಬಹುದು.

ಎದುರು ಕೂತೇ ಹೇಳಬೇಕು ಎನ್ನುವವರಿಗೆ ಸರ್ಕಾರಿ ಆಸ್ಪತ್ರೆ ಇದೆ. 1980ರ ದಶಕದಲ್ಲಿ ನಿಮ್ಹಾನ್ಸ್‌ನವರು ಬಳ್ಳಾರಿ ಜಿಲ್ಲೆಯಲ್ಲಿ ಒಂದು ಪ್ರಯೋಗ ಮಾಡಿದರು. ಮನಸ್ಸಿನ ಕಾಯಿಲೆಯನ್ನು ಗುರುತಿಸಿ ಮದ್ದು ಕೊಡುವುದನ್ನು ಊರಿನ ಆರೋಗ್ಯ ಕೇಂದ್ರದ ಡಾಕ್ಟರಿಗೇ ಕಲಿಸಿದರು. ಅದೇ ಮಾದರಿಯಲ್ಲಿ 1996ರಲ್ಲಿ ದೇಶಕ್ಕೆ ಜಿಲ್ಲಾ ಮಾನಸಿಕ ಆರೋಗ್ಯ ಕಾರ್ಯಕ್ರಮ ಬಂತು. ಕರ್ನಾಟಕದಲ್ಲಿ ‘ಮನೋಚೈತನ್ಯ’ ಎಂಬ ಹೆಸರಿನಲ್ಲಿ ಮನೋವೈದ್ಯರು ಮಂಗಳವಾರ ತಾಲೂಕು ಆಸ್ಪತ್ರೆಗೆ ಬರುವ ವ್ಯವಸ್ಥೆಯೂ ಇದೆ. ಯಾವ ಮಂಗಳವಾರ, ಎಷ್ಟು ಹೊತ್ತಿಗೆ ಎಂದು ಶಿರಸಿಯ ಪಂಡಿತ ಆಸ್ಪತ್ರೆಯಲ್ಲೋ ನಿಮ್ಮ ತಾಲೂಕು ಆಸ್ಪತ್ರೆಯಲ್ಲೋ ಮೊದಲೇ ವಿಚಾರಿಸಿ. ದೊಡ್ಮನೆಯಂಥ ಊರಿನಿಂದ ಬಸ್ಸು ಹಿಡಿದು ಬಂದು, ಡಾಕ್ಟರಿಲ್ಲ ಎಂದು ಕೇಳಿ ವಾಪಸ್ಸಾದವರು ಮತ್ತೊಮ್ಮೆ ಬರುವುದು ಕಷ್ಟ. ಹೆಚ್ಚಿನ ಚಿಕಿತ್ಸೆ ಬೇಕಾದರೆ ಕಾರವಾರದ ಮೆಡಿಕಲ್ ಕಾಲೇಜು, ಧಾರವಾಡದ ಡಿಮ್ಹಾನ್ಸ್ ಇವೆ. ಸಿದ್ದಾಪುರದವರಿಗೆ ಶಿವಮೊಗ್ಗವೂ ಆದೀತು.

ಖಾಸಗಿಯಾಗಿ ಹುಡುಕುವವರು ಬೋರ್ಡು ನೋಡಿ ಮರುಳಾಗಬೇಡಿ. ಮನೋವೈದ್ಯರು ಎಂಬಿಬಿಎಸ್ ಮುಗಿಸಿ ಮೇಲೆ ಮನೋವೈದ್ಯಶಾಸ್ತ್ರ ಓದಿದವರು, ಮಾತ್ರೆ ಬರೆಯಬಲ್ಲವರು. ಕ್ಲಿನಿಕಲ್ ಸೈಕಾಲಜಿಸ್ಟ್ ಮಾತಿನ ಮೂಲಕ ಚಿಕಿತ್ಸೆ ಕೊಡುತ್ತಾರೆ, ಅವರಿಗೆ ಭಾರತೀಯ ಪುನರ್ವಸತಿ ಪರಿಷತ್ತಿನ ನೋಂದಣಿ ಇರಬೇಕು. ‘ಕೌನ್ಸೆಲರ್’ ಎಂಬ ಹೆಸರನ್ನು ಮಾತ್ರ ಎರಡು ದಿನದ ಕೋರ್ಸ್ ಮಾಡಿದವರೂ ಹಾಕಿಕೊಂಡಿರುತ್ತಾರೆ. ಏನು ಓದಿದ್ದೀರಿ, ಎಲ್ಲಿ ಓದಿದ್ದೀರಿ, ಒಂದು ಸಲಕ್ಕೆ ಎಷ್ಟು ಎಂದು ಕೇಳುವುದು ಅಮರ್ಯಾದೆಯಲ್ಲ. ಮೂರೇ ದಿನದಲ್ಲಿ ಗುಣ ಎಂದು ಗ್ಯಾರಂಟಿ ಕೊಟ್ಟರೆ ಎದ್ದು ಬನ್ನಿ.

ಇನ್ನು ಆ ಮಾತ್ರೆಯ ವಿಷಯ. ಖಿನ್ನತೆಗೆ ಕೊಡುವ ಮಾತ್ರೆಗಳು ಮದ್ಯದ ಹಾಗೆ ಚಟ ಹಿಡಿಸುವುದಿಲ್ಲ. ಅವು ಕೆಲಸ ತೋರಿಸಲು ಕೆಲವು ವಾರ ಬೇಕು. ನಾಲ್ಕು ದಿನ ನುಂಗಿ ‘ಏನೂ ಆಗಲಿಲ್ಲ’ ಎಂದು ಬಿಡುವವರೇ ಹೆಚ್ಚು. ಹುಷಾರಾದ ಮೇಲೂ ಡಾಕ್ಟರು ಹೇಳಿದಂತೆ ನಿಧಾನ ಕಡಿಮೆ ಮಾಡಬೇಕು. ಕೆಲವು ನಿದ್ದೆ ಮಾತ್ರೆಗಳು ಅಭ್ಯಾಸವಾಗುವುದು ನಿಜ, ಹಾಗಾಗಿ ಮೆಡಿಕಲ್ ಶಾಪಿನಲ್ಲಿ ತಾವಾಗಿ ಕೇಳಿ ತರಬಾರದು. ದೇವರಿಗೆ ಹೇಳಿಕೊಂಡು ನೂಲು ಕಟ್ಟಿಸಿಕೊಂಡರೆ ನಮ್ಮ ತಕರಾರಿಲ್ಲ, ಅದಕ್ಕಾಗಿ ಚಿಕಿತ್ಸೆ ತಡವಾಗದಿದ್ದರೆ ಸಾಕು.

ಶಿರಸಿ ಪೇಟೆಯಲ್ಲಿ ಇಳಿದರೆ ನಾಲ್ಕು ಜನ ಪರಿಚಯದವರು ಸಿಗುತ್ತಾರೆ, ಸುದ್ದಿ ನಮಗಿಂತ ಮೊದಲೇ ಮನೆ ಮುಟ್ಟುತ್ತದೆ ಎಂಬ ಹೆದರಿಕೆ ನಿಜವಾದದ್ದೇ. ಆದರೆ ಆಸ್ಪತ್ರೆಯ ಒಳಗೆ ಹೇಳಿದ್ದನ್ನು ಗುಟ್ಟಾಗಿ ಇಡುವುದು 2017ರ ಮಾನಸಿಕ ಆರೋಗ್ಯ ಆರೈಕೆ ಕಾಯ್ದೆಯ ಪ್ರಕಾರ ನಿಮ್ಮ ಹಕ್ಕು.

ಮನೆಯಲ್ಲಿ ಯಾರಾದರೂ ‘ಬದುಕಿ ಏನು ಮಾಡಲಿ’ ಎನ್ನತೊಡಗಿದರೆ ಮುಂದಿನ ಮಂಗಳವಾರಕ್ಕೆ ಕಾಯಬೇಡಿ. ಅವರನ್ನು ಒಬ್ಬರೇ ಬಿಡಬೇಡಿ. ಸಾಯುವ ಯೋಚನೆ ಬರುತ್ತಿದೆಯಾ ಎಂದು ನೇರ ಕೇಳಿ, ಕೇಳಿದ್ದರಿಂದ ಆ ಯೋಚನೆ ಹೊಸದಾಗಿ ಹುಟ್ಟುವುದಿಲ್ಲ. ತೋಟಕ್ಕೆ ತಂದ ಔಷಧಿಗೆ ಬೀಗ ಹಾಕಿ. 14416ಕ್ಕೆ ಆಗಲೇ ಕರೆ ಮಾಡಿ, ಜೀವಕ್ಕೆ ಅಪಾಯ ಕಂಡರೆ 108 ಕರೆದು ಹತ್ತಿರದ ಯಾವ ಆಸ್ಪತ್ರೆಯಾದರೂ ಸರಿ, ಹೊರಡಿ.